ಹಳೆಯದು, ಹೊಸದು, ಕಾರಣ

ಎಲ್ಲವನ್ನೂ ಬರೆದಿಡುವ ಕಛೇರಿಗಳಲ್ಲಿ ಇಂಥ ಎಡವಟ್ಟುಗಳು ಆಗುತ್ತಲೇ ಇರುತ್ತವೆ. ಬರೆದಿಡದ ಕಡೆಯೂ ಆಗುತ್ತವೆ, ಆದರೆ ಅಲ್ಲಿಯವರು ಆಮೇಲೆ "ನಾನಲ್ಲ" ಅಂದುಬಿಡಬಹುದು. ನಮಗೆ ಆ ಭಾಗ್ಯ ಇರಲಿಲ್ಲ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಮಧುಗಿರಿಯ ಕುರಿ ಕಛೇರಿಗೆ ಟೈಪಿಸ್ಟಾಗಿ ಸೇರಿದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕಿನ ಕುರಿಗಾರರಿಗೆ ಸರ್ಕಾರ ಕೊಟ್ಟಿದ್ದ ತಳಿ ಕುರಿಗಳ ಜಾತಕವೆಲ್ಲ ನಮ್ಮಲ್ಲಿತ್ತು. ಕಿವಿಯ ನಂಬರು, ತಂದೆ, ತಾಯಿ, ಹಾಕಿದ ಮರಿ, ಹಾಕಿಸಿಕೊಂಡ ಚುಚ್ಚುಮದ್ದು, ಎಲ್ಲ. ನಮ್ಮ ಕಡೆ ಎಷ್ಟೋ ಮನುಷ್ಯರಿಗೆ ತಾವು ಹುಟ್ಟಿದ ವರ್ಷ ಗೊತ್ತಿರಲಿಲ್ಲ. ಕುರಿಗಳಿಗೆ ತಾರೀಕು ಸಮೇತ ಇತ್ತು.

ನನ್ನ ಕೆಲಸ ಮಾತ್ರ ತಾತ್ಕಾಲಿಕ. ಆರಾರು ತಿಂಗಳಿಗೆ ಮುಂದುವರಿಸುತ್ತಿದ್ದರು. "ದಾಖಲೇಲಿ ಒಂದಕ್ಷರ ಹೆಚ್ಚುಕಮ್ಮಿ ಆದರೂ ಖಾಯಂ ಆಗೋದನ್ನ ಮರೆತುಬಿಡಮ್ಮ" ಎಂದು ನಮ್ಮ ಸಾಹೇಬರು ವಾರಕ್ಕೊಮ್ಮೆ ನೆನಪಿಸುತ್ತಿದ್ದರು. ಹೊಳವನಹಳ್ಳಿಯಲ್ಲಿದ್ದ ನಮ್ಮತ್ತೆಯಂತೂ ಮನೆಗೆ ಬಂದವರಿಗೆಲ್ಲ "ಇವ್ಳು ನಮ್ ಸೊಸೆ, ಟೆಂಪ್ರವರಿ" ಎಂದು ಪರಿಚಯ ಮಾಡಿಕೊಡುತ್ತಿದ್ದರು. ಹತ್ತು ವರ್ಷ ಹಾಗೇ ಅನ್ನಿಸಿಕೊಂಡೆ. ಖಾಯಂ ಆಗಬೇಕು ಅನ್ನುವುದು ನನಗೆ ಹುಚ್ಚಿನ ಹಾಗೆ ಹಿಡಿದಿತ್ತು.

ವಂಶಾವಳಿ ತಿಂದ ಟಗರು

ನಾನು ಸೇರಿದ ಹೊಸತು. ಕೊರಟಗೆರೆ ಕಡೆಯ ಕುರಿಗಾರರೊಬ್ಬರು ತಮ್ಮ ಟಗರಿನ ಕಿವಿಯ ನಂಬರು ಬಿದ್ದುಹೋಗಿದೆ ಎಂದು ಅದನ್ನು ಬಸ್ಸಿನ ಮೇಲೆ ಕಟ್ಟಿಸಿಕೊಂಡು ಕಛೇರಿಗೇ ತಂದರು. ನಾನು ದೊಡ್ಡ ರಿಜಿಸ್ಟರನ್ನು ಜಗಲಿಯ ಮೇಲೆ ಬಿಚ್ಚಿಟ್ಟು, ಪೆನ್ನಿಗೆ ಇಂಕು ತುಂಬಲು ಒಳಗೆ ಹೋಗಿ ಬರುವಷ್ಟರಲ್ಲಿ ಟಗರು ಒಂದು ಹಾಳೆಯನ್ನು ಅಚ್ಚುಕಟ್ಟಾಗಿ ತಿಂದು ಮುಗಿಸಿತ್ತು. ಬೇರೆ ಯಾವುದೋ ಹಾಳೆಯಾಗಿದ್ದರೆ ಆಗಿತ್ತು. ತಿಂದದ್ದು ಅದರ ವಂಶದ್ದೇ.

ನನಗೆ ಕಣ್ಣು ಕತ್ತಲೆ ಬಂತು. ಸೇರಿ ಒಂದು ತಿಂಗಳಾಗಿಲ್ಲ, ಆಗಲೇ ಒಂದು ಕುಲವನ್ನು ನಿರ್ನಾಮ ಮಾಡಿದ್ದೆ. "ಅಯ್ಯೋ, ಇದರ ಅಪ್ಪ ಅಮ್ಮ ಯಾರು ಅಂತ ಈಗ ಎಲ್ಲಿ ಹುಡುಕಲಿ?" ಎಂದು ಅಳುವುದಕ್ಕೇ ಶುರುಮಾಡಿದೆ.

ಕುರಿಗಾರರು ಸಮಾಧಾನವಾಗಿ ಕಂಬಳಿ ಹಾಸಿಕೊಂಡು ಕೂತರು. "ಯಾಕ್ ಅಳ್ತೀಯ ಸುಮ್ಕಿರಮ್ಮ. ಎಲ್ಲೂ ಓಗಿಲ್ಲ, ಅದ್ರ ಒಟ್ಟೇಲೇ ಐತೆ. ಸಂಜೀಕೆ ಬತ್ತೈತೆ, ಎತ್ಕೊಳ್ಳೀವಂತೆ ಬುಡು."

ಟಿಕ್

ಅಂದಿನಿಂದ ಸಾಹೇಬರು ಒಂದು ಕಾಯಿದೆ ತಂದರು. ದೊಡ್ಡ ರಿಜಿಸ್ಟರನ್ನು ಯಾರೂ ನೇರವಾಗಿ ಮುಟ್ಟುವ ಹಾಗಿಲ್ಲ. ಮೊದಲು ಒಂದು ಸಣ್ಣ ಪುಸ್ತಕದಲ್ಲಿ ಮೂರು ಮನೆ ಹಾಕಿ ಬರೆಯಬೇಕು: ಹಳೆಯದು ಏನಿತ್ತು, ಹೊಸದು ಏನಾಗುತ್ತದೆ, ಕಾರಣ ಏನು. ಆಮೇಲೆ ದೊಡ್ಡದನ್ನು ತಿದ್ದಬೇಕು. ತಿದ್ದಿ ಮುಗಿದ ಮೇಲೆ ಸಣ್ಣದಕ್ಕೆ ಬಂದು ಟಿಕ್ ಹಾಕಬೇಕು. ಟಿಕ್ ಇಲ್ಲದಿದ್ದರೆ ಕೆಲಸ ಅರ್ಧಕ್ಕೆ ನಿಂತಿದೆ ಎಂದರ್ಥ, ಮತ್ತೆ ಮಾಡಬೇಕು. ದೊಡ್ಡ ಪುಸ್ತಕವನ್ನು ಇಡೀ ಮಂದೆಯೇ ಬಂದು ತಿಂದರೂ ಸಣ್ಣದನ್ನು ನೋಡಿಕೊಂಡು ಹೊಸದಾಗಿ ಬರೆಯಬಹುದು. ಸಣ್ಣ ಪುಸ್ತಕಕ್ಕೆ ದಿನಚರಿ ಎಂದು ಹೆಸರಿಟ್ಟರು, ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು.

ಕಾಯಿದೆ ಚೆನ್ನಾಗಿಯೇ ಇತ್ತು. ಅದನ್ನು ಎಲ್ಲರಿಗಿಂತ ಮನಸ್ಸಿಟ್ಟು ಕೇಳಿಸಿಕೊಂಡವನು ನಮ್ಮ ಅಟೆಂಡರು. ಮಾರನೆಯ ದಿನ ದಿನಚರಿಯಲ್ಲಿ ಹೀಗಿತ್ತು: "ಹಳೆಯದು: ಅಟೆಂಡರ್ ಸ್ಟೂಲಿನ ಮೇಲೆ. ಹೊಸದು: ಅಟೆಂಡರ್ ಹೋಟೆಲಿನಲ್ಲಿ. ಕಾರಣ: ಟೀ."

ಮಧ್ಯಾಹ್ನ ಸಾಹೇಬರು ಅದನ್ನು ನೋಡಿ ಕೂಗಿದರು. "ಏನಯ್ಯ ಇದು? ಹೋಗಿದ್ದೆಯೋ ಇಲ್ಲವೋ?"

"ಓಗಿ ಕುಡ್ಕಂಡ್ ಬಂದೆ ಸಾ. ಆದ್ರೆ ಟಿಕ್ ಹಾಕೋದ್ ಮರ್ತ್‌ಬುಟ್ಟೆ." ಅವನು ಬಹಳ ವಿನಯದಿಂದ ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡ. "ಈಗ ಕಾಯ್ದೆ ಪ್ರಕಾರ ಇನ್ನೊಂದ್ ಸಲ ಓಗ್ಬೇಕು."

ಗಡಿಯಾಚೆ ನಾಲ್ಕು

ಪಾವಗಡ ತಾಲ್ಲೂಕಿಗೆ ಚುಚ್ಚುಮದ್ದು ಹಾಕಲು ಹೋಗುತ್ತಿದ್ದವರು ವಯಸ್ಸಾದ ಕಾಂಪೌಂಡರು. ಅವರ ಮಾತು ಮಧುಗಿರಿಯಲ್ಲಿ ಕನ್ನಡವಾಗಿ ಹೊರಟು ಪಾವಗಡ ಮುಟ್ಟುವ ಹೊತ್ತಿಗೆ ತೆಲುಗಾಗಿರುತ್ತಿತ್ತು. ಒಂದು ಸಲ ಬೆಳಿಗ್ಗೆ ಬಸ್ಸು ಹತ್ತುವ ಮುಂಚೆ ದಿನಚರಿಯಲ್ಲಿ "ವೈ.ಎನ್.ಹೊಸಕೋಟೆ, ಅರವತ್ತು ಕುರಿ, ಚುಚ್ಚುಮದ್ದು" ಎಂದು ಬರೆದರು. ಬರೆದ ಕೈಯಲ್ಲೇ, ಮತ್ತೆ ಪುಸ್ತಕ ತೆಗೆಸುವುದು ಯಾಕೆಂದು, ಟಿಕ್ಕನ್ನೂ ಹಾಕಿಬಿಟ್ಟರು.

ಹೊಸಕೋಟೆಗೆ ಹೋದರೆ ಅಲ್ಲಿ ಒಂದು ಕುರಿಯೂ ಇಲ್ಲ. ಕಡಲೆಕಾಯಿ ಕಿತ್ತ ಹೊಲಗಳಲ್ಲಿ ಮೇಯಿಸುತ್ತ ಮೇಯಿಸುತ್ತ ಮಂದೆ ಆಂಧ್ರಕ್ಕೆ ಹೋಗಿತ್ತು. ಹಿಂದೆ ಬಂದು ಟಿಕ್ ಅಳಿಸೋಣವೆಂದರೆ ಅಳಿಸುವ ಹಾಗಿಲ್ಲ, ಅದೂ ಕಾಯಿದೆ. ಪಾಪ, ಐಸು ತುಂಬಿದ ಥರ್ಮಾಸು ಕುತ್ತಿಗೆಗೆ ನೇತುಹಾಕಿಕೊಂಡು ಎರಡು ದಿನ ಮಂದೆ ಹುಡುಕಿಕೊಂಡು ನಡೆದರು. ಬರೆದದ್ದನ್ನು ನಿಜ ಮಾಡಿಯೇ ತಿರುಗಿ ಬಂದರು.

ಆದರೆ ಅವರು ಕೊಟ್ಟ ಚೀಟಿಯಲ್ಲಿ ಅರವತ್ತನಾಲ್ಕು ಇತ್ತು. ಸಾಹೇಬರು ಕನ್ನಡಕ ಏರಿಸಿ, "ನಮ್ಮದು ಅರವತ್ತೇ. ಈ ನಾಲ್ಕು ಎಲ್ಲಿಂದ ಬಂದವು?" ಎಂದು ಕೇಳಿದರು.

"ಅಲ್ಲಿ ಎಲ್ಲಾ ಬೆರ್ತೋಗಿದ್ವು ಸಾರ್" ಎಂದು ಕಾಂಪೌಂಡರು ಕಾಲು ಒತ್ತಿಕೊಳ್ಳುತ್ತ ಹೇಳಿದರು. "ಯಾವ್ದು ಕನ್ನಡದ್ದು, ಯಾವ್ದು ತೆಲುಗುದು ಅಂತ ಹೆಂಗ್ ಗೊತ್ತಾಗ್ಬೇಕು? ಚುಚ್ಚಿದ್ರೆ ಎಲ್ಲಾ ಮ್ಯಾ ಅನ್ನೋದೇ ಕದಾ!"

ಒಳಗೆ ಕಾಯಿಲೆ

ಎಂಬತ್ತರ ದಶಕ ಮುಗಿಯುತ್ತ ಬಂದಾಗ ನಮ್ಮ ಕಛೇರಿಗೆ ಕಂಪ್ಯೂಟರು ಬಂತು. ಅದನ್ನು ನಡೆಸಲು ಟೈಪು ಬಲ್ಲವಳು ನಾನೊಬ್ಬಳೇ ಇದ್ದದ್ದು. ಕೂರಿಸಿಕೊಟ್ಟ ಎಂಜಿನಿಯರು ನನಗೆ ಎರಡು ದಿನ ಪಾಠ ಹೇಳಿದ. "ನೋಡಿ ಮೇಡಮ್, ನೀವು ಏನೇ ತಿದ್ದಿದರೂ ಇದು ಮೊದಲು ಬೇರೆ ಒಂದು ಕಡೆ ಬರೆದುಕೊಳ್ಳುತ್ತೆ. ಆಮೇಲೆ ಅಸಲು ದಾಖಲೆ ತಿದ್ದುತ್ತೆ. ಮುಗಿದರೆ ಗುರುತು ಹಾಕುತ್ತೆ. ಮಧ್ಯದಲ್ಲಿ ಕರೆಂಟು ಹೋದರೆ ಭಯ ಬೇಡ. ಬಂದ ಮೇಲೆ ಅದೇ ಓದಿಕೊಂಡು, ಗುರುತು ಇಲ್ಲದ ಕೆಲಸ ಪೂರ್ತಿ ಮಾಡುತ್ತೆ. ಇದಕ್ಕೆ ಜರ್ನಲ್ ಅಂತಾರೆ."

ಸಾಹೇಬರ ಮುಖ ಕೆಂಪಗಾಯಿತು. "ಇದು ನಮ್ಮ ದಿನಚರಿ ಅಲ್ಲವೇನಮ್ಮ? ಹತ್ತು ವರ್ಷದ ಹಿಂದೆ ನಾನು ಮಾಡಿದ್ದು! ಬೀರುವಿಗೆ ಬೀಗ ಹಾಕಿದ್ದರೂ ಹೆಂಗೆ ಹೋಯಿತು ಅಮೆರಿಕಕ್ಕೆ?" ಎಂಜಿನಿಯರು ಎಷ್ಟು ಹೇಳಿದರೂ ಕೇಳಲಿಲ್ಲ. ಕೊನೆಗೆ ಅವರ ಹಠಕ್ಕೆ "ಕಾರಣ" ಅನ್ನುವ ಮನೆಯನ್ನೂ ಅದರಲ್ಲಿ ಸೇರಿಸಿಕೊಟ್ಟ. ಕಾರಣ ತುಂಬದಿದ್ದರೆ ಯಂತ್ರ ಮುಂದಕ್ಕೆ ಹೋಗುತ್ತಿರಲಿಲ್ಲ. ದಿನಾ ಸಂಜೆ ಜರ್ನಲ್ಲಿನ ಪ್ರಿಂಟು ತಾನಾಗಿ ಹೊರಗೆ ಬರುತ್ತಿತ್ತು, ಅಟೆಂಡರು ಅದನ್ನು ಹರಿದು ಸಾಹೇಬರ ಮುಂದಿಟ್ಟು ಸಹಿ ಹಾಕಿಸಿ ಫೈಲಿಗೆ ಸೇರಿಸುತ್ತಿದ್ದ.

ಅವನು ಹೋದ ಮರುದಿನವೇ ಕೆಲಸದ ಮಧ್ಯದಲ್ಲಿ ಕರೆಂಟು ಹೋಯಿತು. ಬಂದ ಮೇಲೆ ಯಂತ್ರ ಗುರ್ ಎಂದು ಎದ್ದು ಪರದೆಯ ಮೇಲೆ ಒಂದು ಇಂಗ್ಲಿಷ್ ಮಾತು ತೋರಿಸಿತು. ಸಾಹೇಬರು ಹತ್ತಿರ ಬಂದು ಓದಿದರು. "ರಿಕವರಿಂಗ್. ಅಂದರೆ ಚೇತರಿಸಿಕೊಳ್ತಾ ಇದೆ."

ಅಷ್ಟು ಸಾಕಾಯಿತು ಅಟೆಂಡರಿಗೆ. ಗಾಳಿ ತಾಕಬಾರದೆಂದು ಕಿಟಕಿ ಮುಚ್ಚಿದ, ಫ್ಯಾನು ನಿಲ್ಲಿಸಿದ, ಚಪ್ಪಲಿ ಬಿಟ್ಟು ತುದಿಗಾಲಲ್ಲಿ ಓಡಾಡಿದ. ಸಾಹೇಬರೂ ಪಿಸುಮಾತಿನಲ್ಲೇ ಬಯ್ಯತೊಡಗಿದರು. ಅದೇ ಹೊತ್ತಿಗೆ ಶಿರಾ ಕಡೆಯ ಕುರಿಗಾರನೊಬ್ಬ ಬಾಗಿಲಿಗೆ ಬಂದ. ಅಟೆಂಡರು ಅವನನ್ನು ಹೊಸಿಲಲ್ಲೇ ತಡೆದ.

"ಈಗ್ ಆಗಾಕಿಲ್ಲ, ಆಮ್ಯಾಕ್ ಬಾರಪ್ಪ. ಒಳಗೆ ಕಾಯ್ಲೆ."

"ಯಾರಿಗ್ಲಾ? ಸಾಯೇಬ್ರಿಗಾ?"

"ಅಲ್ಲ ಕಣ್ಲಾ. ಕೆಲ್ಸ ಮಾಡೋರಿಗೆ."

ತಪಾಸಣೆ

ಆರು ತಿಂಗಳು ಕಂಪ್ಯೂಟರು ಸರಿಯಾಗಿ ನಡೆದರೆ ನಡೆಸುವವರನ್ನು ಖಾಯಂ ಮಾಡಬಹುದು ಎಂದು ಮೇಲಿಂದ ಕಾಗದ ಬಂತು. ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಕೂಡಲೇ ಗೊರವನಹಳ್ಳಿ ಮಹಾಲಕ್ಷ್ಮಿಗೆ ಹರಕೆ ಹೊತ್ತುಕೊಂಡೆ. ಶುಕ್ರವಾರ ಅರ್ಧ ದಿನ ರಜೆ ಕೊಡಿ ಎಂದು ಸಾಹೇಬರನ್ನು ಕೇಳಿದೆ. ಮಧ್ಯಾಹ್ನದ ಊಟ ಮುಗಿಸಿ ಕುರ್ಚಿಯಲ್ಲಿ ಒರಗಿದ್ದ ಅವರು ಕಣ್ಣನ್ನೂ ಬಿಡದೆ "ಆಗಲ್ಲ" ಅಂದರು.

ನನಗೆ ಮೈಯೆಲ್ಲ ಉರಿಯಿತು. ಬಂದು ಯಂತ್ರದ ಮುಂದೆ ಕೂತೆ. ಎದುರಿಗೆ ಮೂವತ್ತೇಳನೇ ನಂಬರಿನ ಟಗರಿನ ದಾಖಲೆ ತೆರೆದಿತ್ತು, ಹೆಸರು ಕರಿಯ. ಕರಿಯನನ್ನು ತೆಗೆದು ಆ ಜಾಗದಲ್ಲಿ "ನಮ್ಮ ಸಾಹೇಬರು" ಎಂದು ಒತ್ತಿದೆ. ಯಂತ್ರ ಕಾರಣ ಕೇಳಿತು. ಬಿಡುತ್ತೇನೆಯೇ? "ಮೇಯುವುದು, ಮಲಗುವುದು, ಗುಮ್ಮುವುದು ಬಿಟ್ಟು ಬೇರೆ ಕೆಲಸವಿಲ್ಲ" ಎಂದು ಬರೆದೆ. ಎದೆ ಹಗುರವಾಯಿತು.

ಐದು ನಿಮಿಷ ಕಳೆದ ಮೇಲೆ ಭಯ ಹತ್ತಿತು. ಹೆಸರನ್ನು ಮೊದಲಿನ ಹಾಗೆ ಕರಿಯ ಎಂದು ತಿದ್ದಿದೆ. ಯಂತ್ರ ಮತ್ತೆ ಕಾರಣ ಕೇಳಿತು. ಕೋಪ ಇನ್ನೂ ಪೂರ್ತಿ ಇಳಿದಿರಲಿಲ್ಲ. "ಟಗರಿಗೆ ಅವಮಾನ" ಎಂದು ಬರೆದೆ.

ದಾಖಲೆ ಶುದ್ಧವಾಯಿತು ಎಂದು ನೆಮ್ಮದಿಯಾಗಿ ಬಸ್ಸು ಹಿಡಿದೆ. ಜರ್ನಲ್ಲಿನ ನೆನಪೇ ನನಗೆ ಬರಲಿಲ್ಲ. ಹತ್ತು ವರ್ಷ ಅದರಲ್ಲೇ ಬೆಂದವಳಿಗೆ!

ತಪಾಸಣೆಗೆ ತುಮಕೂರಿನಿಂದ ಹಿರಿಯ ಅಧಿಕಾರಿಗಳು ಬಂದರು. ಅಸಲು ದಾಖಲೆ ನೋಡಿ ತಲೆದೂಗಿದರು. ಆಮೇಲೆ, "ಜರ್ನಲ್ ದಿನಾ ಪ್ರಿಂಟ್ ತೆಗೆದಿಡ್ತೀರಂತಲ್ಲ, ಆ ಫೈಲು ಕೊಡಿ" ಅಂದರು. ಆಗ ನನಗೆ ನೆನಪಾಯಿತು. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಒತ್ತುತ್ತಿದ್ದ ಕಾಲ ಅದು. ಹಾಗಾಗಿ ಅವರು ಒಂದೊಂದೇ ಅಕ್ಷರ ಕೂಡಿಸಿಕೊಂಡು ಗಟ್ಟಿಯಾಗಿ ಓದುತ್ತಿದ್ದರು.

"ಮೂವತ್ತೇಳು. ಹಳೆಯದು, ಕರಿಯ. ಹೊಸದು, ನ...ಮ್ಮ... ಸಾ...ಹೇಬರು. ಕಾರಣ, ಮೇ...ಯುವುದು..."

ಪೂರ್ತಿ ಓದಿದರು. ಕೆಳಗಿನದನ್ನೂ ಓದಿದರು. "ಹಳೆಯದು, ನಮ್ಮ ಸಾಹೇಬರು. ಹೊಸದು, ಕರಿಯ. ಕಾರಣ, ಟಗರಿಗೆ ಅವಮಾನ." ಕಾಂಪೌಂಡರು ಕೆಮ್ಮುತ್ತ ಹೊರಗೆ ಓಡಿದರು. ಅಟೆಂಡರು ಟವೆಲ್ಲನ್ನು ಬಾಯಿಗೆ ತುರುಕಿಕೊಂಡ. ನನ್ನ ಹತ್ತು ವರ್ಷ ನೀರಲ್ಲಿ ಹೋಮ ಮಾಡಿದ ಹಾಗಾಯಿತಲ್ಲ ಎಂದು ನನಗೆ ಅಳುವೇ ಬಂತು.

ಸಾಹೇಬರು ಕುರ್ಚಿಯಿಂದ ಎದ್ದರು. "ಸಾರ್, ಇದು ದೊಡ್ಡ ತಪ್ಪು! ಇವಳನ್ನ ಈಗಲೇ..."

"ತಪ್ಪೇ?" ಹಿರಿಯರು ಹಾಳೆಯ ಕೊನೆಗೆ ಬೆರಳಿಟ್ಟರು. ಅಲ್ಲಿ ಸಾಹೇಬರ ಮೊಹರು ಇತ್ತು, ಅದರ ಮೇಲೆ ಸೊಗಸಾದ ಸಹಿ: ಪೂರ್ತಿ ಓದಿ ನೋಡಿದ್ದೇನೆ, ಎಲ್ಲವೂ ಸರಿಯಾಗಿದೆ. "ಇದು ನಿಮ್ಮದೇ ತಾನೇ? ಓದದೇ ಸಹಿ ಹಾಕಿದಿರೋ, ಓದಿ ಹಾಕಿದಿರೋ?"

ಸಾಹೇಬರು ಸಹಿಯನ್ನು ನೋಡಿದರು, ನನ್ನನ್ನು ನೋಡಿದರು, ಫ್ಯಾನನ್ನು ನೋಡಿದರು. ಕೊನೆಗೆ ಸಣ್ಣ ದನಿಯಲ್ಲಿ, "ಓದಿ ಹಾಕಿದ್ದು ಸಾರ್. ಎಲ್ಲ ಸರಿಯಾಗಿದೆ" ಅಂದರು.

ಹಿರಿಯರು ನಗು ತಡೆದುಕೊಂಡು ಷರಾ ಬರೆದರು: ಈ ಯಂತ್ರ ಏನನ್ನೂ ಮರೆಯುವುದಿಲ್ಲ, ನಡೆಸುವವರನ್ನು ಖಾಯಂ ಮಾಡಬಹುದು.

ತಿಂಗಳೊಳಗೆ ಆದೇಶ ಬಂತು. ಸಾಹೇಬರು ತಾವೇ ಕರೆದು, ಎಂದೂ ಇಲ್ಲದ ನಗು ನಕ್ಕು, ಕಾಗದ ಮುಂದಿಟ್ಟರು. "ಒಪ್ಪಿಗೆ ಇದ್ದರೆ ಸಹಿ ಹಾಕಮ್ಮ. ಓದಿಕೊಂಡು ಹಾಕು." ಖಾಯಂ ಅನ್ನುವ ಪದ ಕಂಡದ್ದೇ ತಡ, ನನಗೆ ಕಣ್ಣು ಮಂಜಾಯಿತು. ಸಹಿ ಹಾಕಿ, ಅವರಿಗೆ ನಮಸ್ಕಾರ ಮಾಡಿ, ನನ್ನ ಪ್ರತಿ ತೆಗೆದುಕೊಂಡು ಹೊರಗೆ ಬಂದು ಎಲ್ಲರಿಗೂ ಓದಿ ಹೇಳತೊಡಗಿದೆ. ಎರಡನೇ ಸಾಲನ್ನು ಎರಡು ಸಲ ಓದಿದೆ. ಕೆಲಸ ಮಾಡಬೇಕಾದ ಸ್ಥಳ: ವೈ.ಎನ್.ಹೊಸಕೋಟೆ.

ಓಡಿದೆ. "ಸಾರ್, ನಾನು ಕಂಪ್ಯೂಟರ್ ನಡೆಸುವವಳು. ಹೊಸಕೋಟೆಯಲ್ಲಿ ಕಂಪ್ಯೂಟರೇ ಇಲ್ಲವಲ್ಲ!"

ಸಾಹೇಬರು ಕುರ್ಚಿಯಲ್ಲಿ ಒರಗಿ ಕಣ್ಣು ಮುಚ್ಚಿಕೊಂಡರು.

"ಟಗರುಗಳಿವೆ ಕಣಮ್ಮ. ಅವುಗಳ ಮಾನ ಕಾಯೋರು ಯಾರಾದರೂ ಅಲ್ಲಿ ಬೇಕಲ್ಲ."