ಬೆನ್ನು ಮುಟ್ಟಿ ನೋಡುವ ಮಾವ

ನನ್ನ ಸೋದರಮಾವ ಹೆಣ್ಣು ನೋಡಲು ಹೋದ ದಿನ ಹುಡುಗಿಯ ಬೆನ್ನು ಒತ್ತಿ ನೋಡಲಿಲ್ಲ ಅನ್ನುವುದೇ ನಮ್ಮ ಮನೆತನದ ಪುಣ್ಯ! ಮಿಕ್ಕ ಯಾರನ್ನೂ ಅವನು ಬಿಟ್ಟವನಲ್ಲ. ಹಾಸನದ ಪಕ್ಕದ ದುದ್ದದ ಈ ಮಹಾನುಭಾವ ಚನ್ನರಾಯಪಟ್ಟಣ, ಅರಕಲಗೂಡು, ಹೊಳೆನರಸೀಪುರದ ಸಂತೆಗಳಲ್ಲಿ ನಲವತ್ತು ವರ್ಷ ಕುರಿ ವ್ಯಾಪಾರ ಮಾಡಿದವನು. ಬೆನ್ನುಮೂಳೆಗೆ ಹೆಬ್ಬೆರಳು, ಪಕ್ಕಕ್ಕೆ ನಾಲ್ಕು ಬೆರಳು ಒತ್ತಿದನೆಂದರೆ ಒಳಗಿರುವುದು ಕೊಬ್ಬೋ ಖಂಡವೋ ಹೇಳಿಬಿಡುತ್ತಿದ್ದ. ತಕ್ಕಡಿ ಬೇಕಿರಲಿಲ್ಲ. ಆದರೆ ಕುರಿ ಯಾವುದು, ನೆಂಟರು ಯಾರು ಅನ್ನುವ ಭೇದ ಮಾತ್ರ ಆ ಕೈಗೆ ತಿಳಿಯುತ್ತಿರಲಿಲ್ಲ.

ಶಾಂತಿಗ್ರಾಮದ ಒಂದು ಮದುವೆಯಲ್ಲಿ ಮದುಮಗ ಕಾಲಿಗೆ ಬಿದ್ದ. ಮಾವ ತಲೆ ಮುಟ್ಟಿ ಹರಸುವ ಬದಲು ಬೆನ್ನು ಒತ್ತಿ, ಛತ್ರಕ್ಕೆಲ್ಲ ಕೇಳುವ ಹಾಗೆ, "ಬರೀ ಕೊಬ್ಬು ಕಣ್ಲಾ. ಇವ್ನು ಗೇಯಾಕಿಲ್ಲ" ಅಂದ. ಗಂಡಿನ ಕಡೆಯವರು ಮಾತು ಬಿಟ್ಟರು. ಆ ಗಂಡು ಇವತ್ತಿಗೂ ಹೆಂಡತಿಯ ತವರಲ್ಲೇ ಉಂಡುಕೊಂಡಿದ್ದಾನೆ ಅನ್ನುವುದು ಬೇರೆ ಮಾತು.

ಕಾಲೇಜು ರಜೆಯಲ್ಲಿ ನನಗೂ ಈ ವಿದ್ಯೆ ಕಲಿಸಲು ನೋಡಿದ. ನಾನು ಒಂದು ಕುರಿಯನ್ನು ಒತ್ತಿ, "ಒಳ್ಳೆ ಖಂಡ ಮಾವ" ಅಂದೆ.

"ಅದು ಉಣ್ಣೆ ಕಣ್ಲಾ" ಅಂದ. ನಾನು ಸ್ಕೂಲು ಮೇಷ್ಟ್ರಾಗುವುದೆಂದು ಅವತ್ತೇ ತೀರ್ಮಾನವಾಯಿತು.

ಇಂಥವನಿಗೆ ಅರವತ್ತು ದಾಟಿದ ಮೇಲೆ ರಕ್ತದ ಕ್ಯಾನ್ಸರ್ ಬಂತು. ಕೀಮೋ ಕೊಟ್ಟ ಬೆಂಗಳೂರಿನ ಡಾಕ್ಟರಮ್ಮ, ಅವನ ತಂಗಿಯ, ಅಂದರೆ ನಮ್ಮವ್ವನ, ರಕ್ತ ಹುಟ್ಟಿಸುವ ಸ್ಟೆಮ್ ಸೆಲ್ ತೆಗೆದು ಅವನಿಗೆ ಕಸಿ ಮಾಡಬೇಕು ಅಂದರು. ಮಾವನ ಚಿಂತೆಯೇ ಬೇರೆ. "ಅವ್ಳ ರಕ್ತ ಬಂದ್ಮೇಲೆ ನಾನೂ ದಿನಾ ಸೀರಿಯಲ್ ನೋಡ್ಬೇಕಾಯ್ತದಾ?" ಅಂತ ಕೇಳಿದ.

ಕಸಿ ತಡೆದುಕೊಳ್ಳಲು ಮೈಗೆ ಶಕ್ತಿ ಬೇಕಲ್ಲ, ತೂಕ ಬೇರೆ ಇಳಿದಿತ್ತು. ಡಾಕ್ಟರಮ್ಮ ಒಂದು ಪಟ್ಟಿ ಕೊಟ್ಟರು. ಮೊಟ್ಟೆ, ಕಾಳು, ದಿನಾ ನಡಿಗೆ ಎಲ್ಲ ಅದರಲ್ಲಿತ್ತು. ಮಾವ ಅದನ್ನು ಮಡಚಿ ಜೇಬಿಗಿಟ್ಟ. "ಮೇಯ್ಸಾದ್ನ ನಂಗೇ ಯೋಳ್ಕೊಡ್ತಾರಾ?" ಅಂದ.

ಯುಗಾದಿ ಮಾರನೇ ದಿನದ ಹೊಸತೊಡಕಿನ ಬಾಡೂಟಕ್ಕೆ ಟಗರನ್ನು ಕಟ್ಟಿ ಮೇಯಿಸುತ್ತಾರಲ್ಲ, ಓಡಾಡಿದರೆ ಮೈ ಇಳಿಯುತ್ತದೆ ಅಂತ ಗೂಟದಿಂದ ಬಿಡದೆ? ಹಾಗೆ ಮಾವ ಮಂಚ ಹತ್ತಿ ಕೂತ. ಮುದ್ದೆ, ತುಪ್ಪ, ಹೋಳಿಗೆ ಎಲ್ಲ ಮಂಚಕ್ಕೇ ಬಂತು. ಬಚ್ಚಲಿಗೆ ಹೋಗಲು ಮಾತ್ರ ಇಳಿಯುತ್ತಿದ್ದ. ತಿಂಗಳಿಗೆ ಏಳು ಕಿಲೋ ಏರಿತು! ಬೀಗುತ್ತಾ ಆಸ್ಪತ್ರೆಗೆ ಹೊರಟ. ಜೊತೆಗೆ ನಾನಿದ್ದೆ.

ಡಾಕ್ಟರಮ್ಮ ಸ್ಕ್ಯಾನ್ ನೋಡಿದರು. ಹಿಡಿತದ ಬಲ ಅಳೆಯುವ ಯಂತ್ರವೊಂದನ್ನು ಕೈಗೆ ಕೊಟ್ಟು ಬಿಗಿಯಾಗಿ ಅದುಮಿಸಿದರು. "ತೂಕ ಬಂದಿದೆ ಯಜಮಾನ್ರೇ, ಆದ್ರೆ ಎಲ್ಲಾ ಕೊಬ್ಬು. ನಮಗೆ ಬೇಕಾಗಿರೋದು ಮಾಂಸಖಂಡ. ಅದು ಕಡಿಮೆ ಇದ್ರೆ ಕಸಿ ಆದ್ಮೇಲೆ ಚೇತರಿಸಿಕೊಳ್ಳೋದು ಕಷ್ಟ."

ಹಾಸನದಲ್ಲಿ ಬಸ್ಸಿಳಿದ ಮೇಲೆ ಮಾವ, "ಆವಮ್ಮ ಮುಟ್ಟೂ ನೋಡ್ದೆ ಯೋಳ್ಬುಟ್ರು ಕಣ್ಲಾ" ಅಂದ.

ಮಾರನೇ ದಿನದಿಂದ ಒಂದು ಟಗರುಮರಿಯನ್ನು ಹೆಗಲ ಮೇಲೆ ಹೊತ್ತು ಡೈರಿಯ ತನಕ ನಡೆಯತೊಡಗಿದ. ಮರಿ ಬೆಳೆದ ಹಾಗೆ ತನ್ನ ಖಂಡವೂ ಬೆಳೆಯಬೇಕು ಅನ್ನುವ ಲೆಕ್ಕಾಚಾರ. ಸುದ್ದಿ ತಿಳಿದ ಡಾಕ್ಟರಮ್ಮ ಫೋನಿನಲ್ಲೇ ಬೈದರು. ಸೋಂಕು ತಗಲುತ್ತದೆ, ಕುರಿ ಮುಟ್ಟಲೇಕೂಡದು ಅಂದರು. ಸರಿ, ಮರಿಯನ್ನು ಅಂಗಳದ ಆಚೆ ಕಟ್ಟಿಸಿ, ತಾನು ರಾಗಿ ಚೀಲ ಹೊತ್ತ. ಮರಿ ಒಂದಿಷ್ಟು ಮೈತುಂಬಿದ ಹಾಗೆ ಕಂಡರೆ ಸಾಕು, ಅತ್ತೆ ಚೀಲಕ್ಕೆ ಇನ್ನೊಂದು ಸೇರು ರಾಗಿ ಸುರಿಯಬೇಕು! ಬೀದಿಯವರೆಲ್ಲ ನಕ್ಕರು. ಮುಂದಿನ ಸ್ಕ್ಯಾನಿಗೆ ಡಾಕ್ಟರಮ್ಮ ತಲೆದೂಗಿದರು. ಕಸಿಯೂ ಆಯಿತು.

ನಾಲ್ಕು ತಿಂಗಳ ಮೇಲೆ ಮಾವ ಊರಿಗೆ ಬಂದ. ಹೊಸ ರಕ್ತ ಹಿಡಿದಿತ್ತು. ಆದರೆ ಅಂಗಿಯೊಳಗೆ ಮನುಷ್ಯನೇ ಇರಲಿಲ್ಲ. ಮಾಸ್ಕ್ ಹಾಕಿಕೊಂಡು ಕಿಟಕಿಯ ಪಕ್ಕ ಕೂತು, ಆಚೆ ಕಟ್ಟಿದ್ದ ಆ ಮರಿಯನ್ನೇ ನೋಡುತ್ತಿದ್ದ. ಅದೀಗ ದೊಡ್ಡ ಟಗರು. ಜೀವಮಾನದಲ್ಲಿ ಅವನು ಮಾರದೆ ಉಳಿಸಿಕೊಂಡದ್ದು ಅದೊಂದನ್ನೇ.

"ಓಗಿ ಅದ್ರ ಬೆನ್ನು ನೋಡ್ಕಂಡ್ ಬಾ" ಅಂದ. ಹೋಗಿ ಒತ್ತಿದೆ. ಗಟ್ಟಿಯಾಗಿದೆ ಅಂತ ಬಂದು ಹೇಳಿದೆ. ಸೋಪು ಹಚ್ಚಿ ಎರಡು ಸಲ ಕೈ ತೊಳೆಸಿದ. ನನಗೂ ಮಾಸ್ಕ್ ಹಾಕಿಸಿ, ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ.

"ಈಗ ನಂದು ನೋಡ್ಲಾ."

"ನಂಗೆಲ್ಲಿ ಗೊತ್ತಾಗುತ್ತೆ ಮಾವ? ಉಣ್ಣೆನೇ ಖಂಡ ಅಂದವನು ನಾನು."

"ಅದ್ಕೇ ನಿಂಗೆ ಯೋಳ್ತಿರಾದು. ಗೊತ್ತಾಗೋರ ಕೈಗೆ ಬೆನ್ನು ಕೊಡಕೆ ಭಯ ಆಯ್ತದೆ ಕಣ್ಲಾ."

ಕೈಯಿಟ್ಟೆ. ಹೆಬ್ಬೆರಳಿಗೆ ಮೂಳೆ ಸಿಕ್ಕಿತು. ಮಿಕ್ಕ ನಾಲ್ಕು ಬೆರಳಿಗೂ ಮೂಳೆಯೇ ಸಿಕ್ಕಿತು. ಆ ವಿದ್ಯೆ ಅವತ್ತು ಮೊದಲ ಸಲ ನನ್ನ ಕೈಗೆ ಹತ್ತಿತ್ತು. ಹತ್ತದೇ ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

"ಒಳ್ಳೆ ಖಂಡ ಮಾವ" ಅಂದೆ.

"ಅದು ಅಂಗಿ ಕಣ್ಲಾ."

ನನಗೆ ಅಳು ಬಂತು. ಕೈ ತೆಗೆಯಲು ಹೋದರೆ, "ಇರ್ಲಿ ಬುಡು, ಬೆಚ್ಚಗದೆ" ಅಂದ. ಹಾಗೇ ಬಾಗಿಕೊಂಡು, ಒಳಗಿದ್ದ ಅತ್ತೆಯನ್ನು ಕೂಗಿದ.

"ಲೇ, ಆ ರಾಗಿ ಚೀಲ ತತ್ತಾ. ಒಂದು ಸೇರಿಂದ ಸುರು ಮಾಡಾನ."