ದ್ಯಾಮಕ್ಕನ ಬಾವಿಯ ಮರ್ಯಾದೆ

ಬರುತ್ತೇವೆಂದು ಫೋನ್ ಮಾಡಿ ಬರುವ ನೆಂಟರಿಗೆ ನಮ್ಮ ಮನೆಯ ನಿಜ ಎಂದೂ ಗೊತ್ತಾಗುವುದಿಲ್ಲ. ಗೊತ್ತಾಗಲು ನಾನು ಬಿಡುವುದೂ ಇಲ್ಲ. ಫೋನ್ ಇಟ್ಟ ಕೂಡಲೇ ಕುರ್ಚಿಯ ಮೇಲಿನ ಬಟ್ಟೆಯ ರಾಶಿ ಮಂಚದ ಕೆಳಗೆ ಹೋಗುತ್ತದೆ, ಹಳೆಯ ಪೇಪರುಗಳು ಅಟ್ಟ ಏರುತ್ತವೆ, ವರ್ಷವೆಲ್ಲ ಕಪಾಟಿನಲ್ಲಿ ಧೂಳು ತಿನ್ನುವ ಗಾಜಿನ ಲೋಟಗಳು ಫಳಫಳ ಹೊಳೆಯುತ್ತ ಹೊರಗೆ ಬರುತ್ತವೆ. ನಮ್ಮ ಯಜಮಾನರು ಇದನ್ನು ನಾಟಕ ಎನ್ನುತ್ತಾರೆ, ನಾನು ಮರ್ಯಾದೆ ಎನ್ನುತ್ತೇನೆ. ಈ ವಿಷಯದಲ್ಲಿ ನಾನೇ ಸರಿ ಎಂದು ಬಹಳ ಕಾಲ ನಂಬಿಕೊಂಡಿದ್ದೆ. ಹೊಳಲ್ಕೆರೆ ಕಡೆಯ ಒಂದು ಬಾವಿ ಬಂದು ನನ್ನ ನಂಬಿಕೆಯನ್ನು ಕೆಡಿಸಿತು.

ನಾನು ಚಿತ್ರದುರ್ಗದ ಒಂದು ಪುಟ್ಟ ಪ್ರಯೋಗಾಲಯದಲ್ಲಿ ನೀರು ಪರೀಕ್ಷೆ ಮಾಡುವವಳು. ಜಂಬ ಎಂದುಕೊಳ್ಳಬೇಡಿ, ಎಂದುಕೊಂಡರೂ ನನಗೇನೂ ಬೇಜಾರಿಲ್ಲ. ಒಂದು ಗುಟುಕು ಕುಡಿದರೆ ಸಾಕು, ನೀರು ಮೆದುವೋ ಗಡಸೋ ಎಂದು ನನ್ನ ನಾಲಿಗೆ ಹೇಳಿಬಿಡುತ್ತದೆ. ಹೊಸದುರ್ಗದಲ್ಲಿ ನಾದಿನಿಯ ಗೃಹಪ್ರವೇಶಕ್ಕೆ ಹೋದಾಗ ಎಲ್ಲರೂ ಹೋಳಿಗೆಯನ್ನು ಹೊಗಳುತ್ತಿದ್ದರೆ ನಾನು "ನಿಮ್ಮ ಬೋರಿನ ನೀರು ಬಹಳ ಗಡಸು" ಎಂದಿದ್ದೆ. ಆಮೇಲೆ ಆ ಮನೆಯಲ್ಲಿ ನನಗೆ ಊಟಕ್ಕೆ ಮುಂಚೆಯೇ ಕಾಫಿ ಕೊಟ್ಟು ಬಾಯಿ ಮುಚ್ಚಿಸುವ ಪದ್ಧತಿ ಶುರುವಾಯಿತು.

ಇರಲಿ, ಬಾವಿಯ ಮಾತಿಗೆ ಬರುತ್ತೇನೆ. ರಾಮಗಿರಿಯಿಂದ ಆಚೆ ಒಂದು ಗುಡ್ಡ, ಗುಡ್ಡದಲ್ಲಿ ಅದಿರಿನ ಗಣಿ, ಗಣಿಯ ಕೆಳಗೆ ಒಂದು ಹಟ್ಟಿ. ಹಟ್ಟಿಯವರು ಕುಡಿಯುವ ಬಾವಿಯ ನೀರು ಈಚೆಗೆ ಕೆಟ್ಟಿತ್ತು. ಬೇಳೆ ಬೇಯುತ್ತಿರಲಿಲ್ಲ, ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತಿತ್ತು. ಗಣಿಯವರನ್ನು ಕೇಳಿದರೆ "ಈ ಸೀಮೆಯ ನೀರೇ ಹಾಗೆ" ಎನ್ನುತ್ತಿದ್ದರು. ಯಾರ ಮಾತು ನಿಜ? ತಿಳಿಯಬೇಕಾದರೆ ಗಣಿಯ ನೀರು ಹರಿದು ಮುಟ್ಟಲಾಗದ, ಅದೇ ಗುಡ್ಡದ ಮೇಲ್ಭಾಗದ ಬಾವಿಯೊಂದು ಬೇಕು. ಗಣಿಯೇ ಇಲ್ಲದಿದ್ದರೆ ಇಲ್ಲಿಯ ನೀರು ಹೇಗಿರುತ್ತಿತ್ತು ಎಂದು ಹೇಳುವ ಬಾವಿ ಅದು. ನಮ್ಮ ಭಾಷೆಯಲ್ಲಿ ಹಿನ್ನೆಲೆ ಬಾವಿ. ಕೆಳಗಿನ ನೀರನ್ನು ಅದರ ಪಕ್ಕದಲ್ಲಿಟ್ಟು ನೋಡಿದರೆ ಬಣ್ಣ ಬಯಲಾಗುತ್ತದೆ.

ಅಂಥ ಬಾವಿ ಹುಡುಕಿದ ಹೆಮ್ಮೆ ನನ್ನದೇ. ಕುರಿ ಸಾಕುವ ದ್ಯಾಮಕ್ಕನ ಹೊಲದಲ್ಲಿತ್ತು. ಒಂದು ಬೊಗಸೆ ಕುಡಿದವಳೇ "ಇದೇ ನೋಡಿ ದ್ಯಾಮಕ್ಕ, ನಮ್ಮ ಅಳತೆಗೋಲು. ಇನ್ನುಮೇಲೆ ನಿಮ್ಮ ನೀರು ದುರ್ಗಕ್ಕೆ, ನಮ್ಮ ಪ್ರಯೋಗಾಲಯಕ್ಕೆ ಬರುತ್ತದೆ" ಎಂದೆ. ಆಕೆಯ ಮುಖ ಊರಗಲವಾಯಿತು. ಕುರಿ ಹೊಡೆದುಕೊಂಡು ಹೊರಟಿದ್ದ ಗಂಡ ಕರಿಯಣ್ಣನನ್ನು ಕೂಗಿ, "ಕೇಳಿದ್ರಾ? ನಮ್ ಬಾವಿ ದುರ್ಗಕ್ ಹೋಗ್ತೈತಂತೆ!" ಎಂದಳು. ಅವಳ ಸಂಭ್ರಮಕ್ಕೆ ಇನ್ನೊಂದು ಕಾರಣವಿತ್ತು. ಅವಳ ಮಗಳು ರತ್ನಳನ್ನು ಕೊಟ್ಟಿದ್ದು ಕೆಳಗಿನ ಆ ಹಟ್ಟಿಗೇ. "ನನ್ ಮಗ್ಳು ಕುಡಿಯೋ ನೀರು ನೆಟ್ಟಗಾದ್ರೆ ಸಾಕು ಮೇಡಮ್ನೋರೆ. ಕೂಸು ಬೇರೆ ಐತೆ" ಎಂದು ನನ್ನ ಕೈ ಹಿಡಿದುಕೊಂಡಿದ್ದಳು.

ಆದರೆ ಪರೀಕ್ಷೆಯಲ್ಲಿ ದ್ಯಾಮಕ್ಕನ ನೀರು ಗಡಸು ಎಂದು ಬಂತು. ಮತ್ತೆ ನೀರು ತಂದೆ, ಮತ್ತೆ ಗಡಸು. ಕ್ಷಾರವಂತೂ ಹೆಚ್ಚೇ. ನನ್ನ ನಾಲಿಗೆಗೆ ಏನಾಯಿತೆಂದು ಕನ್ನಡಿಯ ಮುಂದೆ ನಿಂತು ಹೊರಗೆ ಚಾಚಿ ನೋಡಿಕೊಂಡೆ. ಗಣಿಯ ಅಧಿಕಾರಿಗೆ ಮಾತ್ರ ಹಬ್ಬ. "ನಾವು ಹೇಳಲಿಲ್ಲವಾ ಮೇಡಂ? ಮೇಲಿನ ಬಾವಿಯೂ ಅಷ್ಟೇ, ಕೆಳಗಿನದೂ ಅಷ್ಟೇ" ಎಂದು ನನಗೇ ಪಾಠ ಹೇಳಿದರು.

ಹಾಗೆಂದು ನಾನು ಶಿಸ್ತು ಬಿಟ್ಟವಳಲ್ಲ. ಪ್ರತಿ ಸಲವೂ ಹಿಂದಿನ ದಿನ ದ್ಯಾಮಕ್ಕನಿಗೆ ಫೋನ್ ಮಾಡಿಯೇ ಹೋಗುತ್ತಿದ್ದೆ. ಒಮ್ಮೆ ಚಿಕ್ಕಜಾಜೂರಿನ ಕೆಲಸ ಬೇಗ ಮುಗಿದು, ಹೇಳಿದ ಹೊತ್ತಿಗಿಂತ ಮುಂಚೆಯೇ ಹೊಲಕ್ಕೆ ಹೋದೆ. ಕರಿಯಣ್ಣ ಬಾವಿಯ ಕಟ್ಟೆಯ ಮೇಲೆ ನಿಂತು ಬುಟ್ಟಿಯಿಂದ ಬೆಳ್ಳಗಿನದೇನನ್ನೋ ಸುರಿಯುತ್ತಿದ್ದ.

"ಅಯ್ಯೋ, ಇಷ್ಟ್ ಜಲ್ದಿ ಬಂದ್ಬಿಟ್ರಾ! ಇನ್ನೂ ಆಗಿಲ್ವಲ್ರಿ. ಕುಂತ್ಕಳ್ರಿ, ಮಜ್ಜಿಗೆ ಕುಡೀರಿ" ಎಂದು ದ್ಯಾಮಕ್ಕ ಅಡ್ಡ ಬಂದಳು.

"ಏನು ದ್ಯಾಮಕ್ಕ ಅದು?"

"ಸುಣ್ಣ ಕಣ್ರಿ. ನೀರು ತಿಳಿಯಾಗ್ಲಿ ಅಂತ ನೀವು ಫೋನ್ ಮಾಡ್ದಾಗೆಲ್ಲ ಹಾಕ್ತೀವಿ. ದುರ್ಗದಾಗೆ ನಾಕ್ ಜನದ ಮುಂದೆ ನಮ್ ಬಾವಿ ಮರ್ಯಾದೆ ಹೋಗ್ಬಾರ್ದಲ್ಲ. ಹೆಣ್ ನೋಡಾಕೆ ಬರ್ತಾರೆ ಅಂದ್ರೆ ಮುಖ ತೊಳೆಸಾಕಿಲ್ವೇನ್ರಿ?"

ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಅವಳನ್ನು ಕಟ್ಟೆಯ ಮೇಲೆ ಕೂರಿಸಿ ಹೇಳಿದೆ. ಸುಣ್ಣದಿಂದ ಈ ನೀರು ಗಡಸಾಗುತ್ತದೆ. ಮೇಲಿನ ನೀರೇ ಗಡಸು ಎಂದಾದರೆ ರತ್ನಳ ಬಾವಿ ಗಡಸಾಗಿರುವುದೂ ಸಹಜವೇ ಎಂದಾಗುತ್ತದೆ, ಗಣಿಯವರು ಕೈತೊಳೆದುಕೊಳ್ಳುತ್ತಾರೆ. ದ್ಯಾಮಕ್ಕ ಬಾವಿಯೊಳಗೆ ಬಗ್ಗಿ ನೋಡಿದಳು.

"ಹಂಗಾರೆ ನನ್ ಮಗಳ ಬಾಯಿಗೆ ಸುಣ್ಣ ಹಾಕ್ದೋಳು ನಾನೇನಾ?" ಎಂದವಳು ಎದ್ದು ಬುಟ್ಟಿಯನ್ನು ಬದುವಿನಾಚೆ ಎಸೆದಳು. "ಏನ್ ನೋಡ್ತಾ ನಿಂತ್ರಿ, ಮೋಟ್ರು ಹಾಕ್ರಿ! ಬಾವಿ ಬರಿದು ಮಾಡಾಣ" ಎಂದು ಗಂಡನನ್ನು ಕೂಗಿದಳು.

ಬಾವಿ ಬರಿದಾಯಿತು, ಸೆಲೆಯಿಂದ ತುಂಬಿತು, ಮತ್ತೆ ಬರಿದಾಯಿತು. ಕುರಿಗಳು ನೀರು ಕುಡಿಯಲು ದೂರದ ಕೆರೆಗೆ ನಡೆದವು. ಆಮೇಲೆ ನಾನು ಒಮ್ಮೆಯೂ ಹೇಳಿ ಹೋಗಲಿಲ್ಲ. ತಲೆ ಬಾಚದೆ ಸಿಕ್ಕಿಬಿದ್ದಾಗ ದ್ಯಾಮಕ್ಕ ಮುಖ ಊದಿಸಿಕೊಳ್ಳುತ್ತಿದ್ದಳು, ಆದರೂ ನೀರು ಸೇದಿ ಕೊಡುತ್ತಿದ್ದಳು. ಪರೀಕ್ಷೆಯಲ್ಲಿ ನೀರು ಮೆದುವಾಗಿ ಬಂದ ದಿನ ನಾನು ಪ್ರಯೋಗಾಲಯದಲ್ಲಿ ಒಬ್ಬಳೇ ಚಪ್ಪಾಳೆ ತಟ್ಟಿದೆ. ನನ್ನ ನಾಲಿಗೆಯ ಮಾನವೂ ಉಳಿಯಿತು.

ಹಟ್ಟಿಯವರೂ ಗಣಿಯವರೂ ಸೇರಿದ ಸಭೆಯಲ್ಲಿ ಹಳೆಯ ಫಲಿತಾಂಶವನ್ನು ನಾನೇ ಕೈಬಿಟ್ಟು ಹೊಸದನ್ನು ಮುಂದಿಟ್ಟೆ. ಎರಡು ಬಾವಿಗಳಿಗೂ ಅಜಗಜಾಂತರ. ಗಣಿಯ ಅಧಿಕಾರಿ "ಮೊದಲು ಬೇರೆ ಇತ್ತಲ್ಲ?" ಎಂದು ಎದ್ದರು. ನಾನು ಬಾಯಿ ತೆರೆಯುವ ಮೊದಲೇ ಹಿಂದಿನ ಸಾಲಿನಿಂದ ದ್ಯಾಮಕ್ಕ ಎದ್ದಳು.

"ಅದು ನಾನ್ ಹಾಕಿದ್ ಸುಣ್ಣ ಕಣ್ರಿ ಸಾಹೇಬ್ರೆ. ನಂದು ನಾನ್ ತೆಗ್ದೀನಿ. ನಿಮ್ದು ನೀವ್ ತೆಗೀರಿ."

ಆ ದಿನ ನನಗಾದಷ್ಟು ಹೆಮ್ಮೆ ನನ್ನ ಪದವಿಯ ದಿನವೂ ಆಗಿರಲಿಲ್ಲ. ಈಗ ಹಟ್ಟಿಗೆ ಟ್ಯಾಂಕರಿನಲ್ಲಿ ಒಳ್ಳೆಯ ನೀರು ಬರುತ್ತಿದೆ, ಗಣಿಯ ಮಣ್ಣಿನ ಗುಡ್ಡೆಯಿಂದ ಇಳಿಯುವ ನೀರಿಗೆ ತಡೆ ಕಟ್ಟುತ್ತಿದ್ದಾರೆ. ಬಾವಿ ಸರಿಹೋಗಲು ಇನ್ನೂ ಕಾಲ ಬೇಕು. ನಾನು ಹೋಗುತ್ತಲೇ ಇದ್ದೇನೆ, ಹೇಳದೆ.

ಮೊನ್ನೆ ಭಾನುವಾರ ಬೆಳಿಗ್ಗೆ ನಮ್ಮ ಮನೆಯ ಬೆಲ್ ಆಯಿತು. ತೆರೆದರೆ ದ್ಯಾಮಕ್ಕ, ಕೈಯಲ್ಲಿ ತನ್ನ ಬಾವಿಯ ನೀರಿನ ಕ್ಯಾನು, ಹಿಂದೆ ಕೂಸನ್ನೆತ್ತಿಕೊಂಡ ರತ್ನ. ನನ್ನ ಹಿಂದೆ ಕುರ್ಚಿಯ ಮೇಲೆ ಬಟ್ಟೆಯ ರಾಶಿ, ನೆಲದ ತುಂಬ ಪೇಪರು, ಸಿಂಕಿನಲ್ಲಿ ರಾತ್ರಿಯ ಪಾತ್ರೆ.

"ಒಂದು ಫೋನ್ ಮಾಡಬಾರದಿತ್ತಾ ದ್ಯಾಮಕ್ಕ!" ಎಂದೆ, ಬಾಗಿಲಿಗೆ ಅಡ್ಡ ನಿಂತು.

ದ್ಯಾಮಕ್ಕ ನನ್ನನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಒಳಗೆ ಬಂದಳು. ಬಟ್ಟೆಯ ರಾಶಿಯನ್ನು ಎತ್ತಿ ಮಡಿಲಲ್ಲಿಟ್ಟುಕೊಂಡು ಕುರ್ಚಿಯಲ್ಲಿ ಕೂತು, ಸುತ್ತ ಒಂದು ಸಲ ಕಣ್ಣಾಡಿಸಿದಳು.

"ಮಾಡಿದ್ರೆ ನೀವ್ ಸುಣ್ಣ ಹಾಕ್ಬಿಡ್ತಿದ್ರಿ" ಎಂದಳು.

ಒಳಗಿನಿಂದ ಯಜಮಾನರು ನಕ್ಕ ಸದ್ದು ಕೇಳಿತು. ಕಪಾಟಿನತ್ತ ಹೊರಟಿದ್ದ ನಾನು ಅಲ್ಲೇ ತಿರುಗಿ, ದಿನಾ ಕುಡಿಯುವ ಸೊಟ್ಟ ಸ್ಟೀಲ್ ಲೋಟಗಳಲ್ಲೇ ಅವರಿಗೆ ಕಾಫಿ ಕೊಟ್ಟೆ.