ಸಿಂಗನಗೆರೆಯ ಖಚಿತ ಹುಲಿ

"ಅಕ್ಕಾ, ಇನ್ಮೇಲೆ ನಿನ್ನ ಆ ಹಾಳು ನೋಟ್‌ಬುಕ್ಕನ್ನ ಒಲೆಗೆ ಹಾಕು!" ಎನ್ನುತ್ತ ಪಂಚಾಕ್ಷರಿ ಯಂತ್ರವನ್ನು ಜಗಲಿಯ ಮೇಲೆ ಧೊಪ್ಪನೆ ಇಳಿಸಿದ.

ಇಂದ್ರಾಣಿ ಟೀಚರ್ ಕನ್ನಡಕ ಏರಿಸಿಕೊಂಡು ನೋಡಿದರು. ಮದುವೆಮನೆಯ ಮೈಕಿನ ಕಹಳೆ, ಸತ್ತುಹೋದ ಮಿಕ್ಸಿಯ ಹೊಟ್ಟೆ, ಕಂಡಕ್ಟರು ಟಿಕೆಟ್ ಹರಿಯುವ ಪುಟ್ಟ ಪೆಟ್ಟಿಗೆ. ಮೂರನ್ನೂ ಸೇರಿಸಿ ತಮ್ಮರಾಯ ಬೆಸುಗೆ ಹಾಕಿದ್ದ. ಸಿಂಗನಗೆರೆಯ ಪಂಪ್‌ಸೆಟ್ ಮೋಟಾರುಗಳಿಗೆಲ್ಲ ವೈಂಡಿಂಗ್ ಮಾಡುವ ಈ ಮಹಾಶಯನಿಗೆ ವರ್ಷಕ್ಕೊಂದು ಸಲ ಹೀಗೆ ತಲೆ ಕೆಡುತ್ತದೆ. ಹೋದ ವರ್ಷ ತಾನಾಗಿ ರೊಟ್ಟಿ ತಟ್ಟುವ ಯಂತ್ರ ಮಾಡಿ ಹೆಂಡತಿಯನ್ನು ತವರಿಗೆ ಓಡಿಸಿದ್ದ.

"ಏನೋ ಇದು?"

"ಜೀವಿಪತ್ತೆ! ಪ್ರಾಣಿ ಪಕ್ಷಿ ಕೂಗಿದ್ರೆ ಸಾಕು, ತಾನೇ ಕೇಳುತ್ತೆ, ತಾನೇ ಪರೀಕ್ಷೆ ಮಾಡುತ್ತೆ, ಊರೋರ ಮೊಬೈಲಿಗೆಲ್ಲ ತಾನೇ ಕಳಿಸುತ್ತೆ! ಮೇಲೆ ಚೀಟಿ ಬೇರೆ!"

ಟೀಚರ್ ನೋಟ್‌ಬುಕ್ಕನ್ನು ಮಡಿಲಿಗೆ ಎಳೆದುಕೊಂಡರು. ಮೂವತ್ತೊಂದು ವರ್ಷದಿಂದ ತಾಲ್ಲೂಕಿನ ವನ್ಯಜೀವಿ ದಾಖಲೆ ಬರೆಯುತ್ತ ಬಂದವರು ಅವರು. ಯಾರಾದರೂ ಏನನ್ನಾದರೂ ಕಂಡೆವೆಂದು ಬಂದರೆ, ಯಾರು ಕಂಡದ್ದು, ಎಲ್ಲಿ, ಯಾವತ್ತು, ಎಷ್ಟು ದೂರದಿಂದ ಎಂದು ಜೀವ ಹಿಂಡಿ, ಆಮೇಲೆ ತಾವೇ ಹೋಗಿ ನೋಡಿ ಬರೆಯುವುದು ಅವರ ಪದ್ಧತಿ. ಒಮ್ಮೆ ಪುರಸಭೆ ಅಧ್ಯಕ್ಷರೇ ತೋಟದಲ್ಲಿ ಚಿರತೆ ಕಂಡೆನೆಂದಾಗ ಇವರು ಹೋಗಿ ನೋಡಿ, "ನಾಯಿ. ಕಂದು ಬಣ್ಣ. ಕೊರಳಲ್ಲಿ ಬೆಲ್ಟ್ ಇದೆ" ಎಂದು ಬರೆದು ಬಂದಿದ್ದರು. ಅಧ್ಯಕ್ಷರು ಇವತ್ತಿಗೂ ಇವರನ್ನು ಕಂಡರೆ ಮುಖ ತಿರುಗಿಸುತ್ತಾರೆ.

ಅದೇ ಅಧ್ಯಕ್ಷರು ಈಗ ಕೆರೆಯಂಚಿನ ಜೊಂಡನ್ನೆಲ್ಲ ಕೀಳಿಸಿ ದೋಣಿವಿಹಾರ ಮಾಡಲು ಹೊರಟಿದ್ದರು. ಆ ಜೊಂಡಿನಲ್ಲೋ ಒಂದು ಜೊಂಡುಬಕ ಗೂಡು ಕಟ್ಟಿತ್ತು. ಕತ್ತು ಮೇಲೆತ್ತಿ ನಿಂತರೆ ಜೊಂಡಿನ ಕಡ್ಡಿಯಂತೆಯೇ ಕಾಣುವ ನಾಚಿಕೆಯ ಹಕ್ಕಿ ಅದು. ತಾಲ್ಲೂಕಿನಲ್ಲಿ ಇನ್ನೆಲ್ಲೂ ಅದರ ಗೂಡಿಲ್ಲ. ಗೂಡಿನಲ್ಲಿ ಮೂರು ಮರಿಗಳು, ಇನ್ನೂ ರೆಕ್ಕೆ ಬಲಿತಿಲ್ಲ. ಜೀವಿ ದಾಖಲೆ ಕಚೇರಿಯವರು ಒಪ್ಪಿ ಒಂದು ಠಸ್ಸೆ ಒತ್ತಿದರೆ ಜೊಂಡಿಗೆ ಯಾರೂ ಕೈಹಚ್ಚುವಂತಿಲ್ಲ. ಟೀಚರ್ ಆಗಲೇ ವಿವರ ಬರೆದು ಕಳಿಸಿ, ಉತ್ತರಕ್ಕಾಗಿ ದಾರಿ ಕಾಯುತ್ತಿದ್ದರು.

ಅಷ್ಟರಲ್ಲಿ ಕಾಂಪೌಂಡಿನ ಮೇಲೆ ಕೂತಿದ್ದ ಕಾಗೆ ಕೂಗಿತು. ಯಂತ್ರ ಗುರುಗುಟ್ಟಿ ಒಂದು ಚೀಟಿ ಉಗುಳಿತು.

"ಕಾಗೆ. ನಕಲಿ. ತಿರಸ್ಕರಿಸಲಾಗಿದೆ."

"ನಕಲೀನಾ! ಕಣ್ಣೆದುರಿಗೇ ಕೂತಿದೆಯಲ್ಲೋ!"

"ಅದರ ಗಂಟಲು ಕೆಟ್ಟಿರಬೇಕು ಬಿಡಕ್ಕಾ..."

ಆಗ ಬೀದಿಯಲ್ಲಿ ಗವಿಸಿದ್ದಯ್ಯ ಹಾದುಹೋದ. ಹಿಂದೆ ನಾಟಕ ಕಂಪನಿಯಲ್ಲಿ ಪರದೆಯ ಹಿಂದೆ ನಿಂತು ಹುಲಿ, ಆನೆ, ನರಿ ಎಲ್ಲವನ್ನೂ ಕೂಗುತ್ತಿದ್ದ ಮುದುಕ. ಆತ ಖ್ಹರ್ರ್ ಎಂದು ಗಂಟಲು ಸರಿಮಾಡಿಕೊಂಡ.

"ಹುಲಿ. ಗಂಡು. ಖಚಿತ. ಹಂಚಲಾಗಿದೆ."

ಬೀದಿಯುದ್ದಕ್ಕೂ ಮೊಬೈಲುಗಳು ಟಿಂಗ್ ಟಿಂಗ್ ಎಂದವು. ಮುಂದಿನ ಕ್ಷಣದಲ್ಲಿ ಬಾಗಿಲುಗಳು ಒಂದಾದ ಮೇಲೊಂದು ಧಡಧಡ ಮುಚ್ಚಿಕೊಂಡವು. ಇಡೀ ಬೀದಿಯಲ್ಲಿ ಉಳಿದವನು ಗವಿಸಿದ್ದಯ್ಯನೊಬ್ಬನೇ. ತನ್ನನ್ನು ಕಂಡು ಊರೇಕೆ ಹೀಗೆ ಓಡಿತೆಂದು ಪಾಪ, ಅವನು ತನ್ನ ಪಂಚೆಯನ್ನೇ ಒಮ್ಮೆ ನೋಡಿಕೊಂಡ!

ಅಲ್ಲಿಂದ ಶುರುವಾಯಿತು ನೋಡಿ! ಪಂಚಾಕ್ಷರಿ ಅಂಥವೇ ಇನ್ನೆರಡು ಯಂತ್ರ ಮಾಡಿ ಒಂದನ್ನು ಬಸ್‌ಸ್ಟ್ಯಾಂಡಿಗೂ ಒಂದನ್ನು ಕೆರೆ ಏರಿಗೂ ಕಟ್ಟಿದ. ಗವಿಸಿದ್ದಯ್ಯ ಬೆಳಿಗ್ಗೆ ಬಾಯಿ ಮುಕ್ಕಳಿಸಿದರೆ ಆನೆ ಹಿಂಡು. ಬಿಕ್ಕಳಿಸಿದರೆ ನವಿಲು. ರೇಷನ್ ಅಂಗಡಿಯ ಸಾಲಿನಲ್ಲಿ ಜಗಳ ತೆಗೆದದ್ದಕ್ಕೆ ಹನ್ನೆರಡು ನರಿ! ಹದಿನೈದು ದಿನದೊಳಗೆ ಸಿಂಗನಗೆರೆ ಪೇಟೆಯಲ್ಲಿ ನಲವತ್ತಮೂರು ಬಗೆಯ ಕಾಡುಪ್ರಾಣಿಗಳು ದಾಖಲಾದವು. ಚೀಟಿಗಳೆಲ್ಲ ಜೀವಿ ದಾಖಲೆ ಕಚೇರಿಗೂ ಹೋದವು. ಶಾಲೆಗೆ ರಜೆ ಕೊಟ್ಟರು. ಕೊರಳಿಗೆ ದುರ್ಬೀನು ನೇತುಹಾಕಿಕೊಂಡ ಜನ ಪರವೂರಿನಿಂದ ಬಂದು, ಬಸ್‌ಸ್ಟ್ಯಾಂಡಿನ ಶೌಚಾಲಯದ ಹಿಂದೆ ಹುಲಿಗಾಗಿ ಹೊಂಚು ಹಾಕಿದರು.

"ಪರೀಕ್ಷೆ ಮಾಡುತ್ತೆ ಅಂದ್ಯಲ್ಲ, ಹೇಗೋ ಮಾಡುತ್ತೆ?" ಎಂದು ಟೀಚರ್ ತಮ್ಮನ ಅಂಗಡಿಗೇ ಹೋಗಿ ಹಿಡಿದರು.

"ಈಗ ಮೂರಿವೆಯಲ್ಲ, ಒಂದು ಯಂತ್ರ ಉಳಿದೆರಡನ್ನ ಕೇಳುತ್ತೆ. ಮೂರೂ ಒಪ್ಪಿದ್ರೆ ಖಚಿತ."

"ಕೇಳಿದ್ರೆ ಅವೇನಂತವೆ?"

"ಹೂಂ ಅಂತವೆ."

"ಊಹೂಂ ಅಂದದ್ದುಂಟಾ?"

ಪಂಚಾಕ್ಷರಿ ತಲೆ ಕೆರೆದುಕೊಂಡ. "ಇಲ್ಲಕ್ಕಾ. ಅವುಗಳಲ್ಲಿ ತುಂಬಾ ಒಗ್ಗಟ್ಟು!"

"ಅದಕ್ಕೆ ಪ್ರಾಣಿಗಳ ಕೂಗು ಕಲಿಸಿದ್ದು ಯಾರು?"

ಪಂಚಾಕ್ಷರಿ ವೈಂಡಿಂಗ್ ತಂತಿಯನ್ನು ಸುಮ್ಮನೆ ಸುತ್ತತೊಡಗಿದ. "ಕಾಡು ಮೇಡು ಅಲೆಯೋಕೆ ನಂಗೆಲ್ಲಿ ಪುರುಸೊತ್ತು? ಗವಿಸಿದ್ದಯ್ಯನ್ನ ಎರಡು ದಿನ ಇಲ್ಲೇ ಕೂರಿಸ್ಕೊಂಡು ಟೀ ಕುಡಿಸಿ ಎಲ್ಲಾ ಕೂಗಿಸ್ದೆ. ಒಂದೇ ಗಂಟಲಲ್ಲಿ ಇಡೀ ಕಾಡು ಸಿಕ್ತು!"

"ಅಯ್ಯೋ ನಿನ್ನ ತಲೆಗಿಷ್ಟು! ಅಂದ್ರೆ ಅದರ ಪಾಲಿಗೆ ಗವಿಸಿದ್ದಯ್ಯನೇ ಅಸಲಿ, ಕಾಡಿನ ಪ್ರಾಣಿಗಳೆಲ್ಲ ಅವನನ್ನ ಅಣಕಿಸೋ ನಕಲಿಗಳು!"

ಅಂದೇ ಕಚೇರಿಯ ಉತ್ತರ ಬಂತು. ತಾಲ್ಲೂಕಿನ ಅಮೋಘ ಸಾಧನೆಯನ್ನು ಹೊಗಳಿ, ಇನ್ನು ಮುಂದೆ ಯಂತ್ರದ ಚೀಟಿಯಿಲ್ಲದ ದಾಖಲೆಗಳನ್ನು ಪರಿಗಣಿಸಲಾಗದೆಂದು ಬರೆದು, ಟೀಚರ್ ಕಳಿಸಿದ್ದ ಜೊಂಡುಬಕದ ವಿವರವನ್ನು ಹಾಗೇ ವಾಪಸು ಕಳಿಸಿದ್ದರು. ಸೋಮವಾರ ಬೆಳಿಗ್ಗೆ ಅಧಿಕಾರಿಗಳು ಕೆರೆಗೆ ಬರುವರಂತೆ. ಚೀಟಿ ಬಂದರೆ ಸರಿ, ಬಾರದಿದ್ದರೆ ಜೆಸಿಬಿ.

ಸೋಮವಾರ ಕೆರೆ ಏರಿಯ ಮೇಲೆ ಜೆಸಿಬಿ ನಿಂತಿತ್ತು, ಅಧ್ಯಕ್ಷರು ನಿಂತಿದ್ದರು, ಫೈಲು ಹಿಡಿದ ಅಧಿಕಾರಿ ಶಿವಪ್ರಕಾಶಯ್ಯನವರೂ ನಿಂತಿದ್ದರು. ಆ ಹಕ್ಕಿಗೆ ಏನನಿಸಿತೋ, ನಾಚಿಕೆ ಬಿಟ್ಟು ಜೊಂಡಿನ ತುದಿಗೇ ಬಂದು ಕೂತು "ಊಂ... ಊಂ..." ಎಂದಿತು. ಟೀಚರ್ ದೇವರಿಗೆ ಮನಸ್ಸಿನಲ್ಲೇ ಕೈಮುಗಿದರು.

"ಗುರುತು ಸಿಗದ ಹಕ್ಕಿ. ನಕಲಿ. ತಿರಸ್ಕರಿಸಲಾಗಿದೆ."

"ಸಾರ್, ಎದುರಿಗೇ ಕೂತಿದೆ! ನೋಡಿ!"

"ಕಾಣ್ತಿದೆ ಮೇಡಂ, ಚೆನ್ನಾಗೇ ಕಾಣ್ತಿದೆ," ಎಂದರು ಅಧಿಕಾರಿ ಬೇಸರದಿಂದ. "ಆದ್ರೆ ಖಚಿತ ಅನ್ನೋ ಚೀಟಿ ಬರ್ತಿಲ್ವಲ್ಲ! ನಾನು ಕಂಡದ್ದನ್ನೆಲ್ಲ ಫೈಲಿಗೆ ಹೇಗೆ ಅಂಟಿಸ್ಲಿ?"

ಅಧ್ಯಕ್ಷರು ಕೈಬೀಸಿದರು. ಜೆಸಿಬಿ ಗುಡುಗಿತು. ಪಂಚಾಕ್ಷರಿ ಅಕ್ಕನ ಕಿವಿಯ ಹತ್ತಿರ ಬಂದ. "ಅಕ್ಕಾ, ಗವಿಸಿದ್ದಯ್ಯ ಆ ಕಡೆಯಿಂದ ಜೊಂಡೊಳಗೆ ಇಳಿದು ನಿಂತಿದ್ದಾನೆ. ನೀನು ಹೂಂ ಅನ್ನು, ಸಾಕು."

ಟೀಚರ್ ಮೂವತ್ತೊಂದು ವರ್ಷದಲ್ಲಿ ಒಂದೇ ಒಂದು ಸುಳ್ಳು ದಾಖಲೆಗೆ ಜಾಗ ಕೊಟ್ಟವರಲ್ಲ. ಅತ್ತ ಗೂಡಿನಲ್ಲಿ ಮೂರು ಮರಿ ಬಾಯಿ ತೆರೆದುಕೊಂಡು ಕೂತಿವೆ. ಅವರಿಗೆ ಅಳು ಬಂತು, ಸಿಟ್ಟೂ ಬಂತು. ಯಾರ ಮೇಲೆ ಸಿಟ್ಟಾಗಬೇಕೆಂದೇ ತಿಳಿಯದೆ ತಮ್ಮನ ತೋಳನ್ನು ಚೆನ್ನಾಗಿ ಜಿಗುಟಿದರು. ಆಮೇಲೆ, "ಹೂಂ," ಎಂದರು.

ಪಂಚಾಕ್ಷರಿ ಸಿಳ್ಳೆ ಹಾಕಿದ. ಜೊಂಡಿನೊಳಗೆ ಯಾವ ಕೂಗೂ ಏಳಲಿಲ್ಲ. ಬದಲಿಗೆ ಪಿಸುಮಾತೊಂದು ತೇಲಿಬಂತು.

"ಟೀಚರಮ್ಮಾ! ಬಕದ ಪಾರ್ಟು ಯಾವ್ ನಾಟಕದಾಗೂ ಇರ್ನಿಲ್ಲ ಕಣವ್ವಾ! ಎಂಗ್ ಕೂಗ್ಲಿ?"

"ಊಂ ಅನ್ರೀ! ಮೆಲ್ಲಗೆ, ಊಂ!" ಎಂದು ಟೀಚರ್ ಕೆಮ್ಮಿದ ಹಾಗೆ ಮಾಡಿ ಹೇಳಿಕೊಟ್ಟರು. ಅಧಿಕಾರಿ ಇವರತ್ತ ಅನುಮಾನದಿಂದ ನೋಡಿದರು.

"ಊ..." ಎಂದು ಗವಿಸಿದ್ದಯ್ಯ ತೆಗೆದನೇನೋ ನಿಜ. ಆದರೆ ಎದೆಮಟ್ಟ ತಣ್ಣೀರು, ಮೂಗಿಗೆ ಜೊಂಡಿನ ತೆನೆಯ ಹತ್ತಿ! "ಊ... ಆ... ಆ... ಆಕ್ಷೀ!"

"ಹುಲಿ. ಖಚಿತ."

"ಆಕ್ಷೀ! ಆಕ್ಷೀ!"

"ಆನೆ. ಖಚಿತ. ಸಿಂಹ. ಖಚಿತ."

ಸೀನು ನಿಲ್ಲಲಿಲ್ಲ. ಚೀಟಿ ಕತ್ತರಿಸಲು ಪುರುಸೊತ್ತಿಲ್ಲದೆ ಯಂತ್ರ ಮೊಳಗಟ್ಟಲೆ ಕಾಗದ ಕಕ್ಕಿತು. ಕರಡಿ, ಕತ್ತೆಕಿರುಬ, ಕಾಡುಕೋಣ. ಕೊನೆಗೆ ಗವಿಸಿದ್ದಯ್ಯ ಕೆಸರಲ್ಲಿ ಜಾರಿ ಬಿದ್ದು, ಗುಳುಗುಳು ಎಂದು ನೀರು ಕುಡಿದು, ಸ್ವಂತ ಭಾಷೆಯಲ್ಲಿ ಪಂಚಾಕ್ಷರಿಯ ವಂಶವನ್ನೆಲ್ಲ ಬೈದ. ಅದಕ್ಕೆ "ಹುಲಿ. ಹೆಣ್ಣು. ಮರಿಗಳೊಂದಿಗೆ. ಅತ್ಯಂತ ಖಚಿತ" ಎಂಬ ಚೀಟಿ ಬಂತು. ಜೆಸಿಬಿಯವನು ಅದನ್ನು ಮೊಬೈಲಿನಲ್ಲಿ ಓದಿ, ಗಾಡಿಯಿಂದ ಹಾರಿ, ತಿರುಗಿ ನೋಡದೆ ಓಡಿದ. ಅಧ್ಯಕ್ಷರು ಅವನಿಗಿಂತ ಮುಂದಿದ್ದರು!

ಶಿವಪ್ರಕಾಶಯ್ಯನವರು ಮಾತ್ರ ಕದಲಲಿಲ್ಲ. ಅಷ್ಟುದ್ದ ಚೀಟಿಯನ್ನು ಅವರು ಜನ್ಮದಲ್ಲೇ ಕಂಡಿರಲಿಲ್ಲ. ಅಲ್ಲೇ ಠಸ್ಸೆ ಒತ್ತಿದರು.

ನಾಲ್ಕೇ ದಿನದಲ್ಲಿ ಜೊಂಡಿನ ಸುತ್ತ ಬೇಲಿ ಬಂತು, ದೊಡ್ಡ ಬೋರ್ಡೂ ಬಂತು. ನಲವತ್ತಮೂರು ಪ್ರಾಣಿಗಳ ಹೆಸರುಗಳ ಕೆಳಗೆ ಕೆಂಪಕ್ಷರದಲ್ಲಿ ಹೀಗೆ ಬರೆದಿತ್ತು: "ಎಚ್ಚರಿಕೆ. ಇಲ್ಲಿ ಊಂ ಊಂ ಎಂದು ಕೂಗುವ ನಕಲಿ ಹಕ್ಕಿಯೊಂದಿದೆ. ಸಾರ್ವಜನಿಕರು ಮೋಸಹೋಗಬಾರದು."

ಬೋರ್ಡು ನೆಟ್ಟ ದಿನ ಅಧಿಕಾರಿ ಟೀಚರಿಗೆ ಫೈಲು ಚಾಚಿದರು. "ಹಳೇ ದಾಖಲೆಗಾರರು ನೀವು, ನಿಮ್ಮದೂ ಒಂದು ಮಾತು ಇರ್ಲಿ. ಈ ಹೆಣ್ಣು ಹುಲಿ ಇಲ್ಲಿ ಎಷ್ಟು ದಿನ ಇರಬಹುದು ಮೇಡಂ?"

ಇಂದ್ರಾಣಿ ಟೀಚರ್ ಬೇಲಿಯಾಚೆ ಒಮ್ಮೆ ನೋಡಿದರು. ಆಮೇಲೆ ಒಂದಕ್ಷರವೂ ಸುಳ್ಳು ಬೆರೆಸದೆ ಹೇಳಿದರು:

"ಮರಿಗಳು ರೆಕ್ಕೆ ಬಲಿತು ಹಾರಿಹೋಗೋ ತನಕ ಸಾರ್."

ಅಧಿಕಾರಿಗಳು "ರೆಕ್ಕೆ... ಬಲಿತು..." ಎಂದು ಗೊಣಗುತ್ತ ಅದನ್ನು ಹಾಗೆಯೇ ಬರೆದುಕೊಂಡು, ಅಲ್ಪವಿರಾಮ ಸರಿಯಿದೆಯೇ ಎಂದು ಇನ್ನೊಮ್ಮೆ ಪರಿಶೀಲಿಸಿದರು.